ಟೊಮೆಟೊ ಬೇಡ ಅಂದವರಿಗೂ ಸಾಲ್ಸಾ ಇದೆ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯ ಅಡುಗೆ ಪುಟದಲ್ಲಿ ಸಾಲ್ಸಾ ಮಾಡುವ ವಿಧಾನ ಬಂದಿತ್ತು. ಮೆಕ್ಸಿಕೋದ ಹಸಿ ತರಕಾರಿ ಚಟ್ನಿ, ಚಿಪ್ಸ್ ಜೊತೆ ತಿನ್ನುವಂಥದ್ದು. ಬರೆದವರು ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಕೊನೆಗೆ, ಟೊಮೆಟೊ ಇಲ್ಲದೆ ಸಾಲ್ಸಾ ಆಗುವುದಿಲ್ಲ, ಬದಲಿಗೆ ಬೇರೆ ಏನೂ ಹಾಕಬೇಡಿ ಅಂತ ಒಂದು ಸೂಚನೆ ಕೊಟ್ಟುಬಿಟ್ಟಿದ್ದಾರೆ. ಅದೊಂದು ಸಾಲನ್ನು ಮಾತ್ರ ನಾನು ಒಪ್ಪುವುದಿಲ್ಲ. ಟೊಮೆಟೊ ಆಗದವರು ಯಾವ ಮನೆಯಲ್ಲಿಲ್ಲ ಹೇಳಿ?

ನಮ್ಮ ಮನೆಯನ್ನೇ ತಗೊಳ್ಳಿ. ಮಾವನವರಿಗೆ ಎದೆಯುರಿ. ಟೊಮೆಟೊ ಸಾರು ಉಂಡ ರಾತ್ರಿ ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ಡಾಕ್ಟರು ಬಿಡಿ ಅಂದಮೇಲೆ ತರುವುದನ್ನೇ ನಿಲ್ಲಿಸಿದೆವು. ಪಕ್ಕದ ಮನೆ ಅಕ್ಕನಿಗೆ ಕಿಡ್ನಿ ತೊಂದರೆ. ಪೊಟ್ಯಾಸಿಯಂ ಜಾಸ್ತಿ ಇರುವುದನ್ನು ತಿನ್ನಬೇಡಿ ಅಂತ ಅವರಿಗೆ ಪಟ್ಟಿ ಕೊಟ್ಟಿದ್ದಾರೆ, ಅದರಲ್ಲಿ ಟೊಮೆಟೊ ಇದೆ. ಕೆಲವರಿಗೆ ತಿಂದ ಕೂಡಲೇ ಬಾಯಿ ಸುತ್ತ ತುರಿಕೆ. ರೋಗದ ಮಾತು ಬಿಡಿ, ಬೆಲೆ? 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದು ಯಾರೂ ಮರೆತಿಲ್ಲ. ಬೆಳೆದವರಿಗೆ ಒಂದು ವರ್ಷ ನಾಲ್ಕು ಕಾಸು ಸಿಕ್ಕಿದರೆ ನನಗೆ ಸಂತೋಷವೇ, ಬೆಲೆ ಬಿದ್ದಾಗ ಅವರೇ ರಸ್ತೆಗೆ ಸುರಿದು ಹೋಗುವುದನ್ನೂ ನೋಡಿದ್ದೇವಲ್ಲ. ಆದರೆ ನಮ್ಮ ಮಲೆನಾಡಿನ ಮಳೆಯಲ್ಲಿ ಟೊಮೆಟೊ ಗಿಡ ನಿಲ್ಲುವುದು ಕಷ್ಟ, ಎಲೆಗೆ ಅಂಗಮಾರಿ, ಬುಡಕ್ಕೆ ಕೊಳೆ. ಬಯಲುಸೀಮೆಯಿಂದ ಲಾರಿಯಲ್ಲಿ ಬಂದದ್ದನ್ನೇ ನಾವು ಕೊಳ್ಳಬೇಕು. ಹಿತ್ತಲಲ್ಲಿ ಹುಳಿ ಹಣ್ಣು ಬಿದ್ದು ಕೊಳೆಯುತ್ತಿರುತ್ತದೆ, ನಾವು ಸಂತೆಯಲ್ಲಿ ಟೊಮೆಟೊ ಆರಿಸುತ್ತಾ ನಿಂತಿರುತ್ತೇವೆ.

ಸಾಲ್ಸಾ ಹುಟ್ಟಿದ ಊರಿನಲ್ಲಾದರೂ ಟೊಮೆಟೊ ಕಡ್ಡಾಯವಾ? ಇಲ್ಲ. ಅಲ್ಲಿಯ ಹಸಿರು ಸಾಲ್ಸಾಕ್ಕೆ ಟೊಮಾಟಿಯೊ ಅನ್ನುವ ಕಾಯಿ ಹಾಕುತ್ತಾರೆ. ಹೆಸರು ಹಾಗಿದ್ದರೂ ಅದು ಟೊಮೆಟೊ ಅಲ್ಲ, ಕಾಗದದಂಥ ಸಿಪ್ಪೆಯೊಳಗೆ ಕೂರುವ ಹಸಿರು ಹುಳಿ ಕಾಯಿ, ಗದ್ದೆ ಬದುವಿನಲ್ಲಿ ಮಕ್ಕಳು ಕಿತ್ತು ತಿನ್ನುವ ಬುಡ್ಡೆ ಹಣ್ಣಿನ ಬಳಗದ್ದು. ಮೆಕ್ಸಿಕೋದ್ದೇ ಆದ ಯುಕಾಟಾನ್ ಕಡೆ ಬರೀ ಮೂಲಂಗಿ ಸಣ್ಣಗೆ ಹೆಚ್ಚಿ, ಕೊತ್ತಂಬರಿ ಸೊಪ್ಪು ಹಾಕಿ, ಹುಳಿ ಕಿತ್ತಳೆ ರಸ ಹಿಂಡಿ ಊಟಕ್ಕೆ ಇಡುತ್ತಾರೆ. ಟೊಮೆಟೊದ ಸುಳಿವೂ ಇಲ್ಲ. ಮಾವು, ಅನಾನಸ್ ಹಾಕಿ ಮಾಡುವವರೂ ಬೇಕಾದಷ್ಟು ಜನ. ಅವರಿಗಿಲ್ಲದ ಕಟ್ಟುಪಾಡು ನಮಗೆ ಯಾಕೆ?

ಅಡುಗೆ ಪುಟದವರಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ. ಒಂದು ಪದಾರ್ಥ ಹಾಕಿ ಅಂತ ಬರೆಯುವಾಗ ಅದು ಪಾತ್ರೆಯೊಳಗೆ ಏನು ಕೆಲಸ ಮಾಡುತ್ತದೆ ಅಂತಲೂ ಬರೆಯಿರಿ. ಆಗ ಅದು ಇಲ್ಲದವರು ಆ ಕೆಲಸಕ್ಕೆ ಬೇರೆ ಏನು ಹಾಕಬಹುದು ಅಂತ ತಾವೇ ಯೋಚಿಸುತ್ತಾರೆ. ಸಾಲ್ಸಾದಲ್ಲಿ ಟೊಮೆಟೊ ಹುಳಿ ಕೊಡುತ್ತದೆ, ಸ್ವಲ್ಪ ಸಿಹಿ ಕೊಡುತ್ತದೆ, ಎಲ್ಲದಕ್ಕಿಂತ ಹೆಚ್ಚಾಗಿ ನೀರು ಬಿಟ್ಟು ಮಿಕ್ಕ ತರಕಾರಿಯನ್ನೆಲ್ಲ ಒಂದು ಮಾಡುತ್ತದೆ. ಬಣ್ಣ ಆಮೇಲಿನ ಮಾತು. ಗ್ಲುಟಮೇಟ್ ಅಂತ ರುಚಿ ಹೆಚ್ಚಿಸುವ ಒಂದು ಅಂಶ ಇದೆ, ಟೊಮೆಟೊ ಹಾಕಿದ ಅಡುಗೆ ಇನ್ನೊಂದು ತುತ್ತು ಬೇಕು ಅನ್ನಿಸುವುದಕ್ಕೆ ಅದೂ ಒಂದು ಕಾರಣ, ಬೀಜದ ಸುತ್ತಲಿನ ಲೋಳೆಯಲ್ಲಿ ಅದು ಜಾಸ್ತಿ ಇರುತ್ತದೆ. ಈ ಕೆಲಸಗಳನ್ನು ಹಂಚಿಕೊಟ್ಟರೆ ಆಯಿತು. ಎಲ್ಲವನ್ನೂ ಒಂದೇ ತರಕಾರಿ ಮಾಡಬೇಕಿಲ್ಲ.

ನೀರಿಗೆ ಸೌತೆಕಾಯಿ. ಟೊಮೆಟೊದಲ್ಲಿ ನೂರಕ್ಕೆ 94-95 ಪಾಲು ನೀರು, ಸೌತೆಯಲ್ಲಿ ಅದಕ್ಕಿಂತ ಒಂದು ಪಾಲು ಹೆಚ್ಚೇ. ಅಂಗಡಿಯ ಕಡುಹಸಿರು ಎಳೆ ಸೌತೆ ಪರವಾಗಿಲ್ಲ, ಆದರೆ ನಮ್ಮ ನಾಟಿ ಸೌತೆ ಬಲಿತು ಹಳದಿ ತಿರುಗಲು ಶುರುವಾಗಿರುತ್ತದಲ್ಲ, ಅದು ಇದಕ್ಕೆ ಹೇಳಿ ಮಾಡಿಸಿದ್ದು. ಉದ್ದಕ್ಕೆ ಸೀಳಿ ನೋಡಿ. ಬೀಜದ ಸುತ್ತ ತಿಳಿಯಾದ ಲೋಳೆ ತುಂಬಿರುತ್ತದೆ, ಬೆರಳಲ್ಲಿ ತೆಗೆದು ಬಾಯಿಗಿಟ್ಟರೆ ಹುಳಿ. ಸಾಮಾನ್ಯವಾಗಿ ಅದನ್ನು ಕೆರೆದು ದನದ ಬಕೆಟ್ಟಿಗೆ ಹಾಕುತ್ತೇವೆ. ಸಾಲ್ಸಾಕ್ಕೆ ಅದೇ ಬೇಕು. ಬೀಜ ಗಟ್ಟಿಯಾಗಿದ್ದರೆ ಲೋಳೆಯನ್ನು ಜರಡಿಯಲ್ಲಿ ಒತ್ತಿ ರಸ ಮಾತ್ರ ಇಳಿಸಿಕೊಳ್ಳಿ. ತೊಟ್ಟಿನ ಕಡೆಯ ಚೂರನ್ನು ಮೊದಲು ತಿಂದು ನೋಡುವುದು ಮರೆಯಬೇಡಿ, ಕಹಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಒಂದು ಕಹಿ ಸೌತೆ ಇಡೀ ಬಟ್ಟಲು ಹಾಳು ಮಾಡುತ್ತದೆ.

ಹುಳಿಯ ವಿಷಯಕ್ಕೆ ಬಂದರೆ ಮಲೆನಾಡಿನವರಿಗೆ ಪಾಠ ಹೇಳಬೇಕಾ? ಟೊಮೆಟೊ ನಮ್ಮ ಅಡುಗೆಮನೆಗೆ ಬಂದದ್ದೇ ಈಚೆಗೆ. ತಿಥಿ ಅಡುಗೆಗೆ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಅದನ್ನು ಸೇರಿಸುವುದಿಲ್ಲ, ಹಾಗಂತ ಆ ದಿನದ ಊಟಕ್ಕೆ ಹುಳಿ ಕಡಿಮೆಯಾಗಿದ್ದು ಯಾರಾದರೂ ಕಂಡಿದ್ದೀರಾ? ಲಿಂಬೆ ವರ್ಷವಿಡೀ ಸಿಗುತ್ತದೆ. ಕಂಚಿಕಾಯಿ, ಹೇರಳೆಕಾಯಿ ಇದ್ದರೆ ಯುಕಾಟಾನಿನವರ ಹುಳಿ ಕಿತ್ತಳೆಯ ಜಾಗ ತುಂಬಿತು, ಸಿಪ್ಪೆಯ ಕಹಿ ಇಳಿಯದ ಹಾಗೆ ಮೆಲ್ಲಗೆ ಹಿಂಡಬೇಕು ಅಷ್ಟೇ. ಮಳೆಗಾಲಕ್ಕೆ ಎಳೆ ಅಮಟೆಕಾಯಿ, ಗೊರಟಿಗೆ ನಾರು ಬರುವ ಮೊದಲಿನದು. ಬೇಸಿಗೆಗೆ ಗಿಣಿಮೂತಿ ಮಾವಿನಕಾಯಿ, ಹುಳಿ ಹದವಾಗಿರುತ್ತದೆ, ಕಚ್ಚಿದರೆ ಗರಿಗರಿ. ಮಿಡಿ ಸಮಯದಲ್ಲಿ ನಾನು ಇನ್ನೊಂದು ಮಾಡುತ್ತೇನೆ, ಉಪ್ಪಿನಕಾಯಿ ಹಾಕುವ ಹಿರಿಯರು ಬೈಯಬಾರದು. ಅಪ್ಪೆಮಿಡಿ ಆರಿಸುವಾಗ ತೊಟ್ಟು ಮುರಿದದ್ದನ್ನು ಬದಿಗೆ ಹಾಕುತ್ತೇವಲ್ಲ, ಭರಣಿಗೆ ಹಾಕಿದರೆ ಕೊಳೆಯುತ್ತದೆ ಅಂತ. ಆ ಮಿಡಿಗಳಲ್ಲಿ ಎರಡನ್ನು ಸಣ್ಣಗೆ ಕೊಚ್ಚಿ ಹಾಕಿ ನೋಡಿ. ಆ ಪರಿಮಳ ಯಾವ ಟೊಮೆಟೊಗೆ ಇದೆ?

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹುಳಿ ಅಂತ ಬಿಂಬುಳಿ (ಬಿಲಿಂಬಿ) ಮತ್ತು ಧಾರೆಹುಳಿಯನ್ನು (ಸ್ಟಾರ್ ಫ್ರೂಟ್) ಸುಮ್ನೆ ಹಾಕಬೇಡಿ. ಚೂರುಪಾರು ತಿಂದರೆ ಆರೋಗ್ಯವಂತರಿಗೆ ತೊಂದರೆಯಿಲ್ಲ. ಆದರೆ ಎರಡರಲ್ಲೂ ಆಕ್ಸಲೇಟ್ ಅನ್ನುವ, ಕಿಡ್ನಿಗೆ ತೊಂದರೆ ಕೊಡುವ ಅಂಶ ಜಾಸ್ತಿ. ಕೊಬ್ಬು ಇಳಿಯುತ್ತದೆ ಅಂತ ಬಿಂಬುಳಿ ರಸ ಕುಡಿದು ಕಿಡ್ನಿ ಕೆಡಿಸಿಕೊಂಡವರ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ. ಧಾರೆಹುಳಿಯಲ್ಲಿ ನರಗಳಿಗೆ ವಿಷವಾಗುವ ಒಂದು ಅಂಶವೂ ಇದೆ, ಕಿಡ್ನಿ ಸರಿ ಇಲ್ಲದವರಲ್ಲಿ ಅದು ಹೊರಹೋಗದೆ ಉಳಿದು ಜೀವಕ್ಕೇ ಕುತ್ತು ತರಬಹುದು. ಟೊಮೆಟೊ ಬೇಡ ಅಂತ ಡಾಕ್ಟರು ಹೇಳಿದ ಕಿಡ್ನಿ ರೋಗಿಗೆ ಪ್ರೀತಿಯಿಂದ ಧಾರೆಹುಳಿ ಸಾಲ್ಸಾ ಮಾಡಿಕೊಟ್ಟರೆ ಕಥೆ ಮುಗಿಯಿತು. ಅಂಥವರಿಗೆ ಸೌತೆಕಾಯಿ, ಸ್ವಲ್ಪ ಅನಾನಸ್, ನಾಲ್ಕು ಹನಿ ಲಿಂಬೆ ಸಾಕು. ಉಪ್ಪೂ ಅವರ ಡಾಕ್ಟರು ಹೇಳಿದಷ್ಟೇ.

ಟೊಮೆಟೊ ಅಲರ್ಜಿ ಇರುವವರಿಗೆ ಇನ್ನೊಂದು ಮಾತು. ಮೆಣಸಿನಕಾಯಿ, ದೊಣ್ಣೆಮೆಣಸಿನಕಾಯಿ, ಬದನೆ, ಆಲೂಗಡ್ಡೆ ಎಲ್ಲವೂ ಟೊಮೆಟೊದ ಕುಟುಂಬವೇ. ಹೇಳಿದೆನಲ್ಲ ಆ ಟೊಮಾಟಿಯೊ, ಅದೂ ಅಷ್ಟೇ. ಎಲ್ಲರಿಗೂ ಎಲ್ಲವೂ ಆಗುವುದಿಲ್ಲ ಅಂತಲ್ಲ, ಆದರೆ ಕೇಳಿ ತಿನ್ನುವುದು ಒಳ್ಳೆಯದು. ಮೆಣಸಿನಕಾಯಿಯೂ ಬೇಡ ಅಂದರೆ ಖಾರಕ್ಕೆ ಕಾಳುಮೆಣಸು ಇದೆ, ಶುಂಠಿ ಇದೆ. ತೋಟದ ಬಳ್ಳಿಯಲ್ಲಿ ಹಸಿ ಕಾಳು ಇರುವ ಕಾಲದಲ್ಲಿ ಏಳೆಂಟು ಕಾಳು ಜಜ್ಜಿ ಹಾಕಿದರೆ ಮೂಗಿನವರೆಗೂ ಹೋಗುತ್ತದೆ.

ಈಗ ನಾನು ಮಾಡುವ ರೀತಿ. ನಾಲ್ಕು ಜನಕ್ಕೆ ಸುಮಾರು 300 ಗ್ರಾಂ ಸೌತೆಕಾಯಿ, ಸಿಪ್ಪೆ ಎಳೆಯದಾಗಿದ್ದರೆ ಹಾಗೇ ಬಿಡಿ. ತಿರುಳನ್ನು ಸಣ್ಣ ಚೌಕವಾಗಿ ಹೆಚ್ಚಬೇಕು, ದಾಳಿಂಬೆ ಕಾಳಿಗಿಂತ ಸ್ವಲ್ಪ ದೊಡ್ಡದಿದ್ದರೆ ಸಾಕು. ಮಿಕ್ಸಿಗೆ ಹಾಕಬೇಡಿ, ತುರಿಯಲೂ ಬೇಡಿ, ಎರಡರಲ್ಲೂ ಸೌತೆ ಗಂಜಿಯಾಗುತ್ತದೆ. ನಮ್ಮತ್ತೆ ಮೆಟ್ಟುಗತ್ತಿಯಲ್ಲಿ ಹೆಚ್ಚಿದಷ್ಟು ಒಂದೇ ಅಳತೆಗೆ ನನ್ನ ಚಾಕುವಿನಲ್ಲಿ ಬರುವುದಿಲ್ಲ, ಹಾಗಾಗಿ ಆ ಕೆಲಸ ಅವರದೇ. ಹೆಚ್ಚಿದ ಸೌತೆಗೆ ಅರ್ಧ ಚಮಚ ಉಪ್ಪು ಬೆರೆಸಿ ಕಾಲು ಗಂಟೆ ಬಿಡಿ. ಉಪ್ಪು ನೀರನ್ನು ಹೊರಗೆ ಎಳೆಯುತ್ತದೆ. ಆ ನೀರನ್ನು ಬಸಿದು ಬೇರೆ ಲೋಟದಲ್ಲಿಡಿ, ಚೆಲ್ಲಬೇಡಿ. ಕೊನೆಗೆ ಸಾಲ್ಸಾ ಗಟ್ಟಿ ಅನ್ನಿಸಿದರೆ ಅದನ್ನೇ ಎರಡು ಚಮಚ ಹಾಕುವುದು, ಉಳಿದದ್ದು ಮಜ್ಜಿಗೆಗೆ. ಈ ಕೆಲಸ ಬಿಟ್ಟರೆ ತಟ್ಟೆಗೆ ಬಡಿಸುವ ಹೊತ್ತಿಗೆ ತರಕಾರಿ ಒಂದು ಕಡೆ, ನೀರು ಒಂದು ಕಡೆ.

ಈರುಳ್ಳಿ ಅರ್ಧ, ತೀರಾ ಸಣ್ಣಗೆ. ಹೆಚ್ಚಿದ ಮೇಲೆ ಒಮ್ಮೆ ತಣ್ಣೀರಿನಲ್ಲಿ ಅಲುಗಿಸಿ ಹಿಂಡಿ, ಆಮೇಲೆ ಲಿಂಬೆ ರಸದಲ್ಲಿ ನೆನೆಯಲು ಬಿಟ್ಟರೆ ಘಾಟು ಹೋಗುತ್ತದೆ. ಉಳಿದ ಅರ್ಧ ಈರುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲೋ ಗ್ಯಾಸ್ ಉರಿಯಲ್ಲೋ ಸುಡಿ, ಜೊತೆಗೆ ಎರಡು ಎಸಳು ಬೆಳ್ಳುಳ್ಳಿ. ಕಪ್ಪಾದ ಸಿಪ್ಪೆ ತೆಗೆದು ಜಜ್ಜಿ ಸೇರಿಸಿ. ಟೊಮೆಟೊ ಬಿಟ್ಟಾಗ ಏನೋ ಒಂದು ಕಮ್ಮಿ ಅನ್ನಿಸುತ್ತದಲ್ಲ, ಈ ಸುಟ್ಟ ಈರುಳ್ಳಿ ಅದನ್ನು ಬಹುಪಾಲು ತುಂಬುತ್ತದೆ. ಸಿಹಿಗೆ ಒಂದು ಹಿಡಿ ಅನಾನಸ್ ಚೂರು ಮತ್ತು ಬೇಯಿಸಿ ಬಿಡಿಸಿದ ಜೋಳದ ಕಾಳು. ಶಿಕಾರಿಪುರ, ಸೊರಬದ ಕಡೆ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳವೇ, ಎಳೆ ತೆನೆ ಸಿಗುವ ಸಮಯದಲ್ಲಿ ಬಿಡಬೇಡಿ, ಅಷ್ಟಕ್ಕೂ ಅದರ ಮೂಲ ಊರೂ ಮೆಕ್ಸಿಕೋನೇ. ಹುಳಿಗೆ ಮೇಲೆ ಹೇಳಿದ್ದರಲ್ಲಿ ಆಯಾ ಕಾಲದ್ದು. ಖಾರಕ್ಕೆ ಎರಡು ಮೂರು ಜೀರಿಗೆ ಮೆಣಸು, ಜಾಸ್ತಿ ಬೇಡ, ಅದರ ಗಾತ್ರ ನೋಡಿ ಮೋಸಹೋಗಬೇಡಿ. ಕೊತ್ತಂಬರಿ ಸೊಪ್ಪು ದಂಟು ಸಮೇತ ಒಂದು ಹಿಡಿ. ಮಳೆಗಾಲದಲ್ಲಿ ಕೊತ್ತಂಬರಿ ಕೊಳೆತು ಬರುತ್ತದೆ, ಆಗ ಬಚ್ಚಲಿನ ಹಿಂದೆ ನೆರಳಲ್ಲಿ ಬೆಳೆಯುವ ಉದ್ದ ಎಲೆಯ, ಅಂಚಿಗೆ ಗರಗಸದ ಹಲ್ಲಿರುವ ಕಾಡು ಕೊತ್ತಂಬರಿ ಕಿತ್ತುಕೊಳ್ಳಿ. ಅದರ ತವರೂ ಮೆಕ್ಸಿಕೋ ಕಡೆಯದೇ. ಘಮ ಜೋರು, ಎರಡು ಎಲೆ ಸಾಕು.

ಬಣ್ಣ ಬೇಕೇ ಬೇಕು ಅನ್ನುವ ಮಕ್ಕಳಿಗೆ ಒಂದು ಚಮಚ ಬೀಟ್‌ರೂಟ್ ಚೂರು, ಬಡಿಸುವ ಮುಂಚೆ. ಮೊದಲೇ ಹಾಕಿದರೆ ಜೋಳವೂ ಗುಲಾಬಿ, ಅನಾನಸೂ ಗುಲಾಬಿ. ನನಗೆ ಹಸಿರು ಹಳದಿ ಇದ್ದರೇ ಇಷ್ಟ.

ಎಲ್ಲ ಬೆರೆಸಿ ಹತ್ತು ನಿಮಿಷ ಬಿಟ್ಟು ರುಚಿ ನೋಡಿ, ಉಪ್ಪು ಹುಳಿ ಆಗ ಸರಿಮಾಡಿ. ಒಗ್ಗರಣೆ ಹಾಕಬೇಡಿ. ಇದನ್ನು ಓದಿದ ಕೂಡಲೇ ಇದು ಕೋಸಂಬರಿಯೇ ಅಲ್ವಾ ಅಂತ ಕೇಳುವವರು ಇದ್ದಾರೆ, ನಮ್ಮನೆಯವರೇ ಮೊದಲು ಕೇಳಿದ್ದು. ಅಣ್ಣತಮ್ಮಂದಿರು ಅಂತ ಬೇಕಾದರೆ ಹೇಳಿ. ಆದರೆ ಕೋಸಂಬರಿಗೆ ನೆನೆಸಿದ ಹೆಸರುಬೇಳೆ, ಕಾಯಿತುರಿ, ಸಾಸಿವೆ ಒಗ್ಗರಣೆ ಬೇಕು, ಅದನ್ನು ಬೆರೆಸಿದ ಕೂಡಲೇ ತಿನ್ನಬೇಕು. ಇದು ರಸ ಬಿಟ್ಟುಕೊಂಡು ಹೊಂದಿಕೊಳ್ಳಬೇಕು, ಹಪ್ಪಳದ ಚೂರಿನಲ್ಲಿ ಎತ್ತಿಕೊಳ್ಳಲು ಬರಬೇಕು. ಹೌದು, ಹಪ್ಪಳ. ಪೊಟ್ಟಣದ ಜೋಳದ ಚಿಪ್ಸ್ ಶಿವಮೊಗ್ಗದ ಅಂಗಡಿಗಳಲ್ಲಿ ಸಿಗುತ್ತದೆ, ಹಾಸ್ಟೆಲಿನಿಂದ ಬರುವಾಗ ಮಗಳು ತರುತ್ತಾಳೆ. ಹಲಸಿನ ಹಪ್ಪಳ ಕರಿದು ಮುಂದಿಟ್ಟರೆ ಅದೇ ಮಗಳು ಪೊಟ್ಟಣ ಒಡೆಯುವುದಿಲ್ಲ. ಬಿಸಿ ಅಕ್ಕಿ ರೊಟ್ಟಿಯ ಮೇಲೂ ಚೆನ್ನ.

ಮಾವನವರು ತಿಂತಾರಾ ಅಂತ ಕೇಳಬಹುದು. ತಿನ್ನುತ್ತಾರೆ, ಅವರ ಪಾಲನ್ನು ಮೊದಲೇ ತೆಗೆದಿಡುತ್ತೇನೆ. ಅದರಲ್ಲಿ ಮೆಣಸಿಲ್ಲ, ಹಸಿ ಈರುಳ್ಳಿ ಇಲ್ಲ, ಲಿಂಬೆಯೂ ನಾಲ್ಕೇ ಹನಿ. ಎದೆಯುರಿ ಇರುವವರಿಗೆ ಟೊಮೆಟೊ ಒಂದೇ ಶತ್ರು ಅಲ್ಲ, ಖಾರ, ಈರುಳ್ಳಿ, ಜಾಸ್ತಿ ಹುಳಿ ಎಲ್ಲವೂ ಕೆಣಕುತ್ತವೆ.

ಇಟ್ಟುಕೊಳ್ಳುವ ಆಸೆ ಬೇಡ. ಹಸಿ ತರಕಾರಿ, ಕುದಿಸಿಲ್ಲ, ಭರಣಿಯ ಉಪ್ಪಿನಕಾಯಿಯಷ್ಟು ಉಪ್ಪೂ ಇಲ್ಲ ಹುಳಿಯೂ ಇಲ್ಲ. ಟೊಮೆಟೊ ಸಾಲ್ಸಾವನ್ನು ಬಾಟಲಿಗೆ ತುಂಬಿಡುವ ವಿಧಾನಗಳನ್ನು ಇದಕ್ಕೆ ಹಚ್ಚಲೇಬೇಡಿ, ಅವುಗಳ ಹುಳಿ ಲೆಕ್ಕವೇ ಬೇರೆ. ಫ್ರಿಜ್ಜಿನಲ್ಲಿ ಮರುದಿನದವರೆಗೆ ಸರಿ. ಆಷಾಢದಲ್ಲಿ ನಮ್ಮ ಕಡೆ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು, ಆಗ ಆ ಹೊತ್ತಿನದು ಆ ಹೊತ್ತಿಗೆ. ಮಳೆಗಾಲದಲ್ಲಿ ಸೊಪ್ಪು, ಸೌತೆಯನ್ನು ಕುದಿಸಿ ಆರಿಸಿದ ನೀರಿನಲ್ಲೇ ಕೊನೆಯ ಸಲ ತೊಳೆಯಿರಿ.

ಮುಂದಿನ ವಾರ ಪಾಸ್ತಾ ಅಂತ ಹಾಕಿದ್ದೀರಿ. ಅದರ ಕೆಂಪು ಸಾಸಿಗೂ ಟೊಮೆಟೊ ಒಂದು ಕೆಜಿ ಅಂತ ಬರುತ್ತದೆ, ಗೊತ್ತು. ಬರಲಿ. ಕೆಳಗೆ ಎರಡು ಸಾಲು ಜಾಗ ಬಿಟ್ಟು, ಟೊಮೆಟೊ ತಿನ್ನದವರು ಏನು ಹಾಕಬಹುದು ಅಂತಲೂ ಬರೆಸಿ. ಕುಂಬಳಕಾಯಿ, ಬೀಟ್‌ರೂಟ್ ಬೇಯಿಸಿ ರುಬ್ಬಿ, ಹುಣಸೆ ರಸ ಹಾಕಿದರೆ ಹೇಗಾಗುತ್ತದೆ ಅಂತ ನಿಮ್ಮ ಅಡುಗೆಯವರೇ ಒಮ್ಮೆ ಮಾಡಿ ನೋಡಿ ಬರೆದರೆ ಇನ್ನೂ ಒಳ್ಳೆಯದು.

ನಿಮ್ಮ ಓದುಗಿ,
ರಿಪ್ಪನ್‌ಪೇಟೆ, ಹೊಸನಗರ ತಾಲ್ಲೂಕು