ಏರಿದ ರಕ್ತದೊತ್ತಡದ ಹಿಂದೆ ಜರಾಯು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಬಸಿರಿನ ಏಳನೆಯ ತಿಂಗಳಲ್ಲಿ ನಿನ್ನ ತಂಗಿಯ ರಕ್ತದೊತ್ತಡ ಏರಿದ್ದಕ್ಕೆ ಅವಳ ಚಿಂತೆಯೋ ಊಟದ ಉಪ್ಪೋ ಕಾರಣವೆಂದು ಮನೆಯವರು ಅವಳನ್ನೇ ದೂರುತ್ತಿದ್ದಾರೆಂದು ಓದಿ ಬಹಳ ನೋವಾಯಿತು. ವೈದ್ಯರು ಪ್ರಿ-ಎಕ್ಲಾಂಪ್ಸಿಯಾ ಎಂದು ಹೇಳಿರುವ ಈ ತೊಂದರೆ ಹುಟ್ಟುವುದು ಮುಖ್ಯವಾಗಿ ಜರಾಯುವಿನಿಂದ, ಅಂದರೆ ಹೆರಿಗೆಯ ನಂತರ ಬೀಳುವ ಮಾಸಿನಿಂದ. ಭ್ರೂಣವೇ ಬೆಳೆಯದೆ ಜರಾಯುವಿನ ಅಂಗಾಂಶವಷ್ಟೇ ಹಬ್ಬುವ ಅಪರೂಪದ ಬಸಿರಿನಲ್ಲೂ ಇದು ಕಾಣಿಸಿಕೊಳ್ಳುತ್ತದೆ ಎಂಬುದಕ್ಕಿಂತ ಬಲವಾದ ಸಾಕ್ಷಿ ನನಗೆ ಬೇರೆ ತೋಚುವುದಿಲ್ಲ.

ಬಸಿರಿನ ಮೊದಲ ತಿಂಗಳುಗಳಲ್ಲಿ ಜರಾಯುವಿನ ಕೋಶಗಳು ಗರ್ಭಕೋಶದ ಸುರುಳಿ ಧಮನಿಗಳನ್ನು ಹೊಕ್ಕು ಅವುಗಳನ್ನು ಅಗಲಗೊಳಿಸಬೇಕು. ಅದು ಸರಿಯಾಗಿ ನಡೆಯದಿದ್ದರೆ ರಕ್ತ ಸಾಲದ ಜರಾಯು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಬಿಡುತ್ತದೆ. ರಕ್ತನಾಳಗಳ ಒಳಪದರವನ್ನು ಕಾಪಾಡುವ ವಿಇಜಿಎಫ್ ಮತ್ತು ಪಿಎಲ್‌ಜಿಎಫ್ ಎಂಬ ಅಣುಗಳನ್ನು ಇದು ರಕ್ತದಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ ನಾಳಗಳು ಬಿಗಿದು ಒತ್ತಡ ಏರುತ್ತದೆ. ಮೂತ್ರಪಿಂಡದ ಸೋಸುವ ಪದರ ಹಾಳಾಗಿ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ. 2003ರಲ್ಲಿ ವೈದ್ಯ ಸಂಶೋಧಕ ಅನಂತ್ ಕರುಮಂಚಿ ಮತ್ತು ಸಂಗಡಿಗರು ಈ ಪ್ರೋಟೀನನ್ನು ಇಲಿಗಳ ದೇಹದಲ್ಲಿ ಹೆಚ್ಚಿಸಿದಾಗ, ಬಸಿರಿಲ್ಲದ ಇಲಿಗಳಲ್ಲೂ ಇವೇ ಲಕ್ಷಣಗಳು ಮೂಡಿದವು. ವಿಇಜಿಎಫ್ ಅನ್ನು ತಡೆಯುವ ಕ್ಯಾನ್ಸರ್ ಔಷಧಿಗಳನ್ನು ಪಡೆಯುವ ಕೆಲವರಲ್ಲಿ, ಗಂಡಸರಲ್ಲಿ ಸಹ, ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಕಾಣುವುದುಂಟು. ಹೀಗಿರುವಾಗ ಅವಳ ಚಿಂತೆಯನ್ನು ದೂರುವುದು ಅನ್ಯಾಯ.

ಹಳೆಯ ರಕ್ತದೊತ್ತಡ, ಮಧುಮೇಹ, ಬೊಜ್ಜು ಇದ್ದರೆ ಅಪಾಯ ಹೆಚ್ಚುತ್ತದೆ, ನಿಜ. ಆದರೆ ಅವು ಯಾವುವೂ ಇಲ್ಲದವರಿಗೂ ಇದು ಬರುತ್ತದೆ.

ಈ ಅಣುಗಳನ್ನು ಈಗ ರಕ್ತಪರೀಕ್ಷೆಯಿಂದ ಅಳೆಯಬಹುದು. ಪ್ರಿ-ಎಕ್ಲಾಂಪ್ಸಿಯಾದ ಸಂಶಯವಿದ್ದ ಗರ್ಭಿಣಿಯರ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎಸ್‌ಎಫ್‌ಎಲ್‌ಟಿ-1 ಮತ್ತು ಪಿಎಲ್‌ಜಿಎಫ್‌ನ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮುಂದಿನ ಒಂದು ವಾರದಲ್ಲಿ ಕಾಯಿಲೆ ಕಾಣಿಸಿಕೊಳ್ಳುವ ಸಂಭವ ತೀರಾ ಕಡಿಮೆ. ನಿನ್ನ ತಂಗಿಗೆ ಕಾಯಿಲೆ ಈಗಾಗಲೇ ಖಚಿತವಾಗಿರುವುದರಿಂದ ಅವಳಿಗೆ ಬೇಕಾದದ್ದು ಒತ್ತಡ ಇಳಿಸುವ ಔಷಧಿ, ಮಗುವಿನ ಬೆಳವಣಿಗೆಯ ಮೇಲೆ ನಿಗಾ, ಹೆರಿಗೆಯ ಸಮಯದ ಬಗ್ಗೆ ವೈದ್ಯರ ನಿರ್ಧಾರ. ಮುಂದೆ ಮತ್ತೆ ಬಸಿರಾದರೆ ಮೊದಲ ಮೂರು ತಿಂಗಳೊಳಗೇ ವೈದ್ಯರನ್ನು ಕಾಣಬೇಕು. ಅಪಾಯ ಹೆಚ್ಚಿರುವವರಿಗೆ ಆಗಿನಿಂದಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವ ಕ್ರಮವಿದೆ.

ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಕಂಡರೆ ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿ. ಮಾಸು ಬಿದ್ದ ಮೇಲೂ ಕೆಲವು ವಾರ ಅಪಾಯ ಉಳಿದಿರುತ್ತದೆ; ಹಾಗಾಗಿ ಬಾಣಂತನದಲ್ಲೂ ರಕ್ತದೊತ್ತಡ ನೋಡಿಸುವುದನ್ನು ಬಿಡಬೇಡ.

ಇಂತಿ,
ನಿನ್ನ ಗೆಳೆಯ