ಹೆಡ್ ನರ್ಸ್ ಇಷ್ಟು ಬೇಗ ಕಿರುಚುವುದು ಬೇಡ

ಪ್ರೀತಿಯ ತಮ್ಮನಿಗೆ,

ಮಾನಸಿಕ ಆಸ್ಪತ್ರೆಯ ವಾರ್ಡಿನ ಬಗ್ಗೆ ನೀನು ಬರೆದ ಕಥೆ ಓದಿದೆ. ಭಾಷೆ ಚೆನ್ನಾಗಿದೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೊಂದರೆ ಇರುವುದು ಹೆಡ್ ನರ್ಸ್ ಹತ್ತಿರ. ಮೊದಲ ಪುಟದಲ್ಲೇ ಕಿರುಚುತ್ತಾಳೆ, ಎರಡನೆಯದರಲ್ಲಿ ರೋಗಿಯ ಕೆನ್ನೆಗೆ ಬಾರಿಸುತ್ತಾಳೆ. ಓದುವವನು ಅಲ್ಲೇ ಅವಳಿಗೆ ಶಾಪ ಹಾಕಿ ಮುಗಿಸುತ್ತಾನೆ. ಉಳಿದ ಪುಟಗಳಲ್ಲಿ ಅವನಿಗೇನು ಕೆಲಸ?

ಕೆನ್ ಕೆಸಿಯ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ಕಾದಂಬರಿಯಿಂದ ಮಾಡಿದ 1975ರ ಸಿನಿಮಾ ನೋಡಿದ್ದೇನೆ ಅಂತ ಬರೆದಿದ್ದೀಯ. ಅಷ್ಟು ಸಾಲದು, 1962ರ ಕಾದಂಬರಿಯನ್ನೇ ಓದು. ಅಮೆರಿಕದ ಆರೆಗನ್‌ ರಾಜ್ಯದ ಒಂದು ಮಾನಸಿಕ ಆಸ್ಪತ್ರೆಯ ಕಥೆ ಅದು. ಕೆಸಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವರು. ವಾರ್ಡು ಒಳಗಿಂದ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿತ್ತು.

ಅವರ ನರ್ಸ್ ರ‍್ಯಾಚೆಡ್ ರೋಗಿಯ ಮೇಲೆ ಕೈ ಎತ್ತುವವಳಲ್ಲ. ಒಂದು ಲಾಗ್ ಪುಸ್ತಕ ಇಟ್ಟಿರುತ್ತಾಳೆ. ಪಕ್ಕದವನು ಮಾತಿನ ನಡುವೆ ಬಾಯಿಬಿಟ್ಟದ್ದನ್ನು ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ಬರೆದವನ ಹೆಸರಿನ ಮುಂದೆ ಒಂದು ನಕ್ಷತ್ರ. ಮಾರನೇ ಬೆಳಿಗ್ಗೆ ತಡವಾಗಿ ಎದ್ದರೂ ಕೇಳುವವರಿಲ್ಲ. ಇನ್ನೊಂದಿಷ್ಟು ನಿದ್ದೆಗೋಸ್ಕರ ಜನ ತಮ್ಮ ಗೆಳೆಯರ ಗುಟ್ಟು ಬಿಟ್ಟುಕೊಡುತ್ತಾರೆ. ಶಾಕ್, ಮೆದುಳಿನ ಆಪರೇಷನ್ ಎಲ್ಲ ಇದೆ, ಆದರೆ ದಿನಾ ವಾರ್ಡು ನಡೆಸುವುದು ಈ ಪುಸ್ತಕ.

ಆಮೇಲೆ ಟೀವಿ ಪ್ರಸಂಗ. ಹಗಲು ಬೇಸ್‌ಬಾಲ್ ಪಂದ್ಯ ನೋಡಲು ಬಿಡಿ ಅಂತ ಕಾದಂಬರಿಯ ನಾಯಕ, ವಾರ್ಡಿಗೆ ಹೊಸದಾಗಿ ಬಂದ ಮ್ಯಾಕ್‌ಮರ್ಫಿ ವೋಟು ಹಾಕಿಸುತ್ತಾನೆ. 20 ಕೈ ಏಳುತ್ತವೆ. ವಾರ್ಡಿನಲ್ಲಿ 40 ಜನ ಇದ್ದಾರೆ, ಬಹುಮತ ಆಗಲಿಲ್ಲ ಅನ್ನುತ್ತಾಳೆ ನರ್ಸ್. ಉಳಿದ 20 ಜನರಲ್ಲಿ ಹೆಚ್ಚಿನವರಿಗೆ ಏನು ಕೇಳುತ್ತಿದ್ದಾರೆ ಅನ್ನುವುದೇ ಗೊತ್ತಾಗುವುದಿಲ್ಲ! ಇವನು ಒಬ್ಬೊಬ್ಬರ ಹತ್ತಿರ ಹೋಗಿ ಬೇಡಿಕೊಳ್ಳುತ್ತಾನೆ. ಕೊನೆಗೆ ಕಿವುಡ-ಮೂಗನಂತೆ ನಟಿಸುತ್ತಾ ಬಂದ ಬ್ರಾಮ್ಡನ್ ಕೈ ಎತ್ತುತ್ತಾನೆ. ಅಷ್ಟರಲ್ಲಿ ಮೀಟಿಂಗ್ ಮುಗಿಯಿತು ಅನ್ನುತ್ತಾಳೆ. ರೂಲ್ಸ್ ಪ್ರಕಾರ ಅವಳು ಹೇಳಿದ್ದು ಸರಿಯೇ, ಅಲ್ವಾ? ಪಂದ್ಯದ ಹೊತ್ತಿಗೆ ಮ್ಯಾಕ್‌ಮರ್ಫಿ ಕೆಲಸ ಬಿಟ್ಟು ಟೀವಿ ಮುಂದೆ ಕೂರುತ್ತಾನೆ. ಅವಳು ಟೀವಿ ಆಫ್ ಮಾಡುತ್ತಾಳೆ. ಅವನು ಏಳುವುದಿಲ್ಲ. ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ಕೂತು ಖಾಲಿ ಪರದೆ ನೋಡುತ್ತಾರೆ. ಆಗ ಅವಳು ಕಿರುಚುತ್ತಾಳೆ. ಕಾದಂಬರಿಯ ಮೊದಲ ಭಾಗ ಮುಗಿಯುವುದೇ ಅಲ್ಲಿ. ನೀನು ಮೊದಲ ಪುಟದಲ್ಲೇ ಖರ್ಚು ಮಾಡಿದ್ದನ್ನು ಕೆಸಿ ಅಲ್ಲಿಯವರೆಗೆ ಕೂಡಿಟ್ಟಿದ್ದರು.

ಇನ್ನು ನಿನ್ನ ನಾಯಕ. ತುಂಬಾ ಒಳ್ಳೆಯವನು, ಭಾಷಣ ಬೇರೆ ಮಾಡುತ್ತಾನೆ. ಮ್ಯಾಕ್‌ಮರ್ಫಿ ಜೈಲಿನ ದುಡಿಮೆ ತಪ್ಪಿಸಿಕೊಳ್ಳಲು ಹುಚ್ಚನ ವೇಷ ಹಾಕಿ ಬಂದ ಜೂಜುಕೋರ. ತಾನು ಯಾವಾಗ ಹೊರಗೆ ಹೋಗಬೇಕು ಅನ್ನುವುದು ಆಸ್ಪತ್ರೆಯವರ ಕೈಲಿದೆ ಅಂತ ಗೊತ್ತಾದ ಕೂಡಲೇ ಬಾಲ ಮುದುರಿಕೊಂಡು ಕಕ್ಕಸು ತಿಕ್ಕುತ್ತಾನೆ. ಅವನನ್ನೇ ನೆಚ್ಚಿಕೊಂಡಿದ್ದ ಚೆಸ್ವಿಕ್ ಸ್ವಲ್ಪ ದಿನದಲ್ಲೇ ಈಜುಕೊಳದಲ್ಲಿ ಮುಳುಗಿ ಸಾಯುತ್ತಾನೆ. ಇನ್ನೂ ದೊಡ್ಡ ಪೆಟ್ಟು ಆಮೇಲೆ. ಆ ವಾರ್ಡಿನ ಎಷ್ಟೋ ಜನ ತಾವಾಗಿಯೇ ಬಂದು ಸೇರಿದವರು. ಬೇಕೆಂದರೆ ಇವತ್ತೇ ಎದ್ದು ಹೋಗಬಹುದು. ಹೋಗುವುದಿಲ್ಲ. ನಿನ್ನ ಕಥೆಯಲ್ಲಿ ಇಲ್ಲದ್ದು ಇದೇ. ಎಲ್ಲರನ್ನೂ ಕಟ್ಟಿಹಾಕಿಬಿಟ್ಟಿದ್ದೀಯ.

ಹಾಗಂತ ಆ ಪುಸ್ತಕವನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಡ. ಅದರಲ್ಲಿ ಹೆಂಗಸರು ಒಂದೋ ಕಾಟ ಕೊಡುವವರು, ಇಲ್ಲವೇ ಸುಖ ಕೊಡುವವರು. ಕರಿಯ ಅಟೆಂಡರುಗಳನ್ನು ಚಿತ್ರಿಸಿದ ರೀತಿ ನನಗಂತೂ ಸಹಿಸಲಾಗದು.

ನಿನ್ನ ವಾರ್ಡು ಬೆಂಗಳೂರಿನದು, ಈ ಕಾಲದ್ದು. ಎಚ್ಚರ ಇರುವಾಗಲೇ ಕರೆಂಟ್ ಕೊಡಿಸಿದ್ದೀಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅರಿವಳಿಕೆ ಇಲ್ಲದೆ ಶಾಕ್ ಕೊಡುವುದನ್ನು ನಿಷೇಧಿಸಿದೆ. ತೆಗೆದುಹಾಕು. ಇನ್ನೊಂದು ವಿಷಯ. ನಮ್ಮಲ್ಲಿ ರೋಗಿಯ ಜೊತೆ ಮನೆಯವರೂ ಉಳಿಯುತ್ತಾರೆ, ನಿಮ್ಹಾನ್ಸ್‌ನಲ್ಲಿ ಇದು ಹಳೆಯ ಪದ್ಧತಿ. ಮಾತ್ರೆ ನುಂಗಿದನಾ ಅಂತ ಬಾಯಿ ತೆರೆಸಿ ನೋಡುವುದು ಎಷ್ಟೋ ಸಲ ಅಮ್ಮ. ಡಾಕ್ಟರು ರೌಂಡ್ಸ್‌ಗೆ ಬಂದಾಗ ರೋಗಿಗಿಂತ ಮೊದಲು ಉತ್ತರ ಕೊಡುವವನು ಅಣ್ಣ. ಅಧಿಕಾರ ಹುಡುಕಿಕೊಂಡು ನೀನು ಯಾಕೆ ಆರೆಗನ್‌ವರೆಗೆ ಹೋದೆ? ಊಟದ ಡಬ್ಬಿ ಹಿಡಿದು ಪಕ್ಕದಲ್ಲೇ ಕೂತಿದೆಯಲ್ಲ.

ಅದೇ ಕಾಯ್ದೆಯಲ್ಲಿ ಇನ್ನೊಂದಿದೆ. ಸ್ವಂತ ಇಷ್ಟದಿಂದ ಸೇರಿದ ದೊಡ್ಡವರು ಹೋಗುತ್ತೇನೆ ಅಂದರೆ ಬಿಡಬೇಕು. ಆದರೆ ಕೆಲವು ಕಾರಣಗಳಿದ್ದರೆ 24 ಗಂಟೆ ತಡೆದು ಪರೀಕ್ಷೆ ಮಾಡಬಹುದು. ನಿನ್ನ ಕಥೆಯನ್ನು ಆ 24 ಗಂಟೆಯೊಳಗೆ ಕೂರಿಸಿ ನೋಡು. ಸಿಸ್ಟರ್ ಕೇಸ್ ಶೀಟಿನಲ್ಲಿ ಏನು ಬರೆದಳು, ಕಾರಿಡಾರಿನಲ್ಲಿ ಅಣ್ಣ ಯಾರಿಗೆ ಫೋನ್ ಮಾಡಿದ, ಅಮ್ಮ ಯಾರ ಕಡೆ. ಯುಗಾದಿಗೆ ಮೊದಲು ಕಳಿಸು. ಆಮೇಲೆ ನಾನು ಊರಲ್ಲಿರುವುದಿಲ್ಲ.

ನಿನ್ನ
ಅಣ್ಣ