ನಮ್ಮ ಸಣ್ಣಾಂವ ‘ಹಾಜರ್ ರೀ’ ಅಂದ

ಈ ಜೂನ್‌ನಲ್ಲಿ ನಮ್ಮ ಸಣ್ಣಾಂವ ಒಂದನೇ ಇಯತ್ತೆಗೆ ಸೇರಿದ. ವಿಜಯಪುರದಲ್ಲಿ ನಮ್ಮ ಓಣಿಯದೇ ಕನ್ನಡ ಶಾಲೆ, ಓಣಿಯದೇ ಮಕ್ಕಳು. ಮೊದಲ ದಿನ ನಾನು ಕಿಟಕಿಯ ಹೊರಗೆ ನಿಂತಿದ್ದೆ. ಅಕ್ಕೋರು ಹಾಜರಿ ಕರೆಯುತ್ತಿದ್ದರು. ಅವರ ಕಣ್ಣು ಪುಸ್ತಕದ ಮೇಲಿತ್ತು, ತುಟಿ ಮಕ್ಕಳಿಗೆ ಕಾಣುತ್ತಿರಲಿಲ್ಲ. ಇವನ ಹೆಸರು ಬಂತು. ಇವನು ಎದ್ದು ನಿಂತು ‘ಹಾಜಲ್ ಲೀ’ ಅಂದ. ರ ಇನ್ನೂ ಸರಿಯಾಗಿ ಬರುವುದಿಲ್ಲ. ಅಕ್ಕೋರು ಟಿಕ್ ಹಾಕಿ ಮುಂದಿನ ಹೆಸರಿಗೆ ಹೋದರು. ಅವರಿಗೆ ಅದೊಂದು ಹೆಸರು, ಅಷ್ಟೇ. ನನಗೆ ಕಾಲು ನಿಲ್ಲಲಿಲ್ಲ, ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಆ ಒಂದು ಮಾತಿನ ಹಿಂದೆ ಎಷ್ಟು ಜನ ಇದ್ದಾರೆ ಅಂತ ಹೇಳದೆ ಇದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಅದಕ್ಕೇ ಈ ಬರಹ.

ಸಣ್ಣಾಂವ ಹುಟ್ಟಿನಿಂದಲೇ ಕಿವುಡ. ನಮಗೆ ಗೊತ್ತಾದದ್ದು ಅವನಿಗೆ ಒಂದೂವರೆ ವರ್ಷ ಆದಾಗ. ಅದಕ್ಕೂ ಮೊದಲೇ ನನಗೆ ಅನುಮಾನ ಇತ್ತು. ತಾಟು ಬಿದ್ದರೂ ತಿರುಗುತ್ತಿರಲಿಲ್ಲ. ಎಲ್ಲರೂ ‘ಗಂಡು ಹುಡುಗ್ರು ತಡಾ ಮಾತಾಡ್ತಾರ, ಸುಮ್ಮನಿರು’ ಅಂದರು. ಒಬ್ಬ ಡಾಕ್ಟರೂ ಹಾಗೇ ಅಂದರು. ನಾನೂ ಸುಮ್ಮನಿದ್ದೆ. ಆ ತಿಂಗಳುಗಳನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಎಳೆ ಮಗುವಿನ ಅವ್ವಂದಿರಿಗೆ ಇಷ್ಟು ಹೇಳುತ್ತೇನೆ: ಅನುಮಾನ ಬಂದರೆ ಕಾಯಬೇಡಿ. ಕಿವಿಯ ಪರೀಕ್ಷೆಯನ್ನು ಹುಟ್ಟಿದ ಒಂದೆರಡು ದಿನದ ಕೂಸಿಗೂ ಮಾಡಬಹುದು, ಕೂಸಿಗೆ ಸ್ವಲ್ಪವೂ ನೋವಾಗುವುದಿಲ್ಲ.

ಅಲ್ಲಿಂದ ನಮ್ಮ ರೈಲು ಓಡಾಟ ಶುರುವಾಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮ ಪುಣ್ಯ, ಗೋಲಗುಂಬಜ್ ಎಕ್ಸ್‌ಪ್ರೆಸ್ ಇಲ್ಲಿಂದ ಸೀದಾ ಮೈಸೂರಿಗೇ ಹೋಗುತ್ತದೆ. ಸಂಜೆ ಹತ್ತಿದರೆ ಮರುದಿನ ಅಲ್ಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಝುಣಕದ ವಡಿ ಕಟ್ಟಿಕೊಂಡು ಎಷ್ಟು ಸಲ ಹೋದೆವೋ ಲೆಕ್ಕ ಇಟ್ಟಿಲ್ಲ. ಆಲಮಟ್ಟಿ ಹತ್ತಿರ ಕೃಷ್ಣಾ ನದಿಯ ಸೇತುವೆ ಬಂದಾಗ ದೊಡ್ಡಾಕಿ ಕಿಟಕಿಗೆ ಮುಖ ಒತ್ತಿ ಕೂಗುತ್ತಿದ್ದಳು. ಸಣ್ಣಾಂವ ಅಕ್ಕನ ಬಾಯಿ ನೋಡಿ ತಾನೂ ಬಾಯಿ ತೆರೆಯುತ್ತಿದ್ದ. ಧ್ವನಿ ಬರುತ್ತಿರಲಿಲ್ಲ.

ಮೊದಲು ಕಿವಿಯ ಮಷೀನು ಹಾಕಿ ನೋಡಿದರು. ಅದು ಸಾಲಲಿಲ್ಲ. ಆಮೇಲೆ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಆಯಿತು. ಒಳಕಿವಿಯಲ್ಲಿ ಸಣ್ಣ ತಂತಿ ಕೂಡಿಸುತ್ತಾರೆ. ಹೊರಗೆ ಕಿವಿಯ ಹಿಂದೆ ಪ್ರೊಸೆಸರ್, ತಲೆಗೆ ಅಂಟಿಕೊಳ್ಳುವ ಒಂದು ದುಂಡನೆಯ ಕಾಯಿಲ್. ಅದರಲ್ಲಿ ಅಯಸ್ಕಾಂತ ಇರುತ್ತದೆ, ಚರ್ಮದ ಒಳಗಿನ ಇನ್ನೊಂದು ಅಯಸ್ಕಾಂತ ಅದನ್ನು ಹಿಡಿದುಕೊಳ್ಳುತ್ತದೆ. ಇಷ್ಟು ದೊಡ್ಡ ಖರ್ಚು ನಮ್ಮ ಕೈಲಿ ಆಗುತ್ತಿರಲಿಲ್ಲ, ಸರ್ಕಾರದ ಯೋಜನೆಯಲ್ಲಿ ಆಯಿತು. ಗಾಯ ಮಾಗಿದ ಮೇಲೆ ಮಷೀನು ಚಾಲೂ ಮಾಡಿದರು. ಆ ದಿನ ಅವನು ಹೆದರಿ ಅತ್ತ. ಅಷ್ಟೇ.

ಕೇಳಿಸಿದ ಕೂಡಲೇ ಮಾತು ಬರುತ್ತದೆ ಅಂತ ನಾವು ತಿಳಿದಿದ್ದೆವು. ಹಾಗಲ್ಲ. ಯಾವ ಸಪ್ಪಳ ಏನು ಅಂತ ಒಂದೊಂದಾಗಿ ಕಲಿಸಬೇಕು. ನಾನು ಎಂಟು ತಿಂಗಳು ಸಣ್ಣಾಂವನ ಜೊತೆ ಮೈಸೂರಿನಲ್ಲಿ ಒಂದು ಕೋಣೆ ಹಿಡಿದು ಇದ್ದೆ. ಅಲ್ಲಿಯ ಟೀಚರುಗಳು ಅವನಿಗಿಂತ ಜಾಸ್ತಿ ನನಗೆ ಕಲಿಸಿದರು. ದಿನಾ ಬೆಳಿಗ್ಗೆ ಆರು ಸಪ್ಪಳ: ಆ, ಈ, ಊ, ಮ್, ಶ್, ಸ್. ನನ್ನ ತುಟಿ ಅವನಿಗೆ ಕಾಣದಂತೆ ಮರೆ ಮಾಡಿಕೊಂಡು ಹೇಳಬೇಕು. ಅವನು ಕೇಳಿಸಿದಾಗೆಲ್ಲ ಡಬ್ಬಿಗೆ ಒಂದು ಶೇಂಗಾ ಕಾಳು ಹಾಕಬೇಕು. ಯಾವುದಕ್ಕೆ ಕಾಳು ಬೀಳಲಿಲ್ಲವೋ ಅದನ್ನು ಬರೆದಿಟ್ಟು ಟೀಚರಿಗೆ ಹೇಳಬೇಕು. ‘ಸ್’ಗೆ ಕಾಳು ಬೀಳಲು ತಿಂಗಳುಗಳೇ ಬೇಕಾದವು. ಆ ಟೀಚರುಗಳಿಗೆ ನಾನು ಹೇಗೆ ಋಣ ತೀರಿಸಲಿ?

ಆ ಎಂಟು ತಿಂಗಳು ದೊಡ್ಡಾಕಿ ಇಲ್ಲಿ ಅವಳ ಆಯಿ, ಅಂದರೆ ಅಜ್ಜಿಯ ಹತ್ತಿರ ಇದ್ದಳು. ಜಡೆ ತಾನೇ ಹಾಕಿಕೊಳ್ಳಲು ಕಲಿತಳು. ಫೋನಿನಲ್ಲಿ ಒಂದು ದಿನವೂ ‘ಯಾವಾಗ ಬರ್ತಿ’ ಅಂತ ಕೇಳಲಿಲ್ಲ. ಒಂಬತ್ತು ವರ್ಷದ ಕೂಸು ಹಾಗೆ ಕೇಳದೆ ಇರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು ಮಗಳೇ. ನಿನಗೂ ಇಲ್ಲಿ ಎಲ್ಲರ ಮುಂದೆ ಹೇಳುತ್ತೇನೆ, ನಿನ್ನ ಉಪಕಾರ ದೊಡ್ಡದು.

ರೈಲಿನ ಜನರಿಗೂ ಹೇಳಬೇಕು. ಒಂದು ಸಲ ಮರಳಿ ಬರುವಾಗ ಬೋಗಿ ತುಂಬಾ ಪಂಢರಪುರಕ್ಕೆ ಹೊರಟ ವಾರಕರಿಗಳು. ಬೆಳಗಾಗುತ್ತಲೇ ಭಜನೆ ಶುರು ಮಾಡಿದರು. ಸಣ್ಣಾಂವ ನನ್ನ ತೊಡೆಯ ಮೇಲೆ, ಅವರಿಗೆ ಬೆನ್ನು ಮಾಡಿ ಕುಳಿತಿದ್ದ. ತಾಳದ ಸಪ್ಪಳಕ್ಕೆ ಗಕ್ಕನೆ ತಿರುಗಿದ. ಬೆನ್ನ ಹಿಂದಿನ ಸಪ್ಪಳಕ್ಕೆ ಅವನು ತಾನಾಗಿ ತಿರುಗಿದ್ದು ಅದೇ ಮೊದಲು. ನಾನು ಅಳುವುದು ನೋಡಿ ಒಬ್ಬ ಮುದುಕಿ ಏನಾಯಿತು ಅಂತ ಕೇಳಿದರು. ಹೇಳಿದೆ. ಅವರು ತಮ್ಮ ತಾಳ ಅವನ ಕೈಗೆ ಕೊಟ್ಟರು. ವಿಜಯಪುರ ಬರುವವರೆಗೂ ಆ ಬೋಗಿಯಲ್ಲಿ ಯಾರಿಗೂ ನಿದ್ದೆ ಇಲ್ಲ, ಯಾರೂ ಬೈಯಲೂ ಇಲ್ಲ.

ಇನ್ನೊಂದು ಸಲ, ಹೋಗುವಾಗ, ರಾತ್ರಿ ಮಲಗುವ ಮುಂದೆ ಮಷೀನು ತೆಗೆಯುತ್ತಿದ್ದೆ. ಕಾಯಿಲ್ ಕೈ ಜಾರಿ ಬಿತ್ತು. ಗದಗ ದಾಟಿತ್ತು, ದೀಪ ಆರಿಸಿದ್ದರು. ಎಂಟು ಮಂದಿ ಮೊಬೈಲ್ ಬ್ಯಾಟರಿ ಹಚ್ಚಿಕೊಂಡು ನೆಲದ ಮೇಲೆ ಹುಡುಕಿದರು. ಚಪ್ಪಲಿ, ಚೀಲ ಎಲ್ಲ ಜಾಡಿಸಿದೆವು. ಸಿಗಲಿಲ್ಲ. ಎದುರಿನ ಸೀಟಿನ ಅಜ್ಜ ದಾವಣಗೆರೆಯಲ್ಲಿ ಇಳಿಯುವವರು. ಅವರು ಕೇಳಿದರು, ‘ಅಯಸ್ಕಾಂತ ಐತೇನಮ್ಮ ಅದ್ರಾಗೆ? ಹಂಗಾದ್ರೆ ನೆಲ ನೋಡಬ್ಯಾಡ್ರಿ, ಕಬ್ಬಿಣ ನೋಡ್ರಿ.’ ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿಗೆ, ಒಳಮೈಗೆ, ಅದು ಅಂಟಿಕೊಂಡಿತ್ತು. ಮುಟ್ಟಿ ಹುಡುಕಿದವರು ಅವರೇ. ಕೈಯೆಲ್ಲ ಧೂಳಾಗಿತ್ತು.

ಹೋದ ವರ್ಷ ಮಳೆಗಾಲದಲ್ಲಿ ಮಷೀನು ಕೆಟ್ಟಿತು. ವಾರಂಟಿ ಮುಗಿದಿತ್ತು. ಕೇಬಲ್, ಬ್ಯಾಟರಿ, ರಿಪೇರಿ ಎಲ್ಲ ಸೇರಿ 84,000 ರೂಪಾಯಿ ಅಂದರು. ಯಜಮಾನರ ಗಳಿಕೆಗೆ ಅದು ದೊಡ್ಡ ಮೊತ್ತ. ಅಷ್ಟು ದಿನ ಸಣ್ಣಾಂವ ಮತ್ತೆ ಸದ್ದಿಲ್ಲದ ಮನೆಯಲ್ಲಿದ್ದ. ಕೆಟ್ಟ ಮಷೀನನ್ನೇ ತಂದು ತಲೆಗೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಕಾಯುತ್ತಿದ್ದ. ಆಮೇಲೆ ತೆಗೆದು ನನ್ನ ಕೈಗೆ ಕೊಡುತ್ತಿದ್ದ.

ದಸರೆ ಹತ್ತಿರ ಬಂದಿತ್ತು. ಓಣಿಯಲ್ಲಿ ಎಲ್ಲರೂ ಹಾಸಿಗೆ ಹೊದಿಕೆ ತೊಳೆದು, ಅಟ್ಟದ ಸಾಮಾನು ಇಳಿಸುವ ಹೊತ್ತು. ಎದುರು ಮನೆಯ ಕಾಕು ಬಂದು, ‘ಇಳಿಸಿದ್ದನ್ನ ಮತ್ತ ಮ್ಯಾಲ ಯಾಕ ಏರಿಸೂದು? ನಿಮ್ಮ ಅಂಗಳದಾಗ ಇಟ್ಟು ಮಾರೂಣು’ ಅಂದರು. ನನಗೆ ನಾಚಿಕೆ ಆಯಿತು, ಬೇಡ ಅಂದೆ. ಅವರು ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಳ ಸಾರಿಸಿ ಜಮಖಾನೆ ಹಾಸಿದರು. ಹಿತ್ತಾಳೆ ಹಂಡೆ, ಕಂಚಿನ ತಾಟು, ತೊಟ್ಟಿಲು, ಹಳೆ ಹೊಲಿಗೆ ಮಷೀನು, ಮಕ್ಕಳ ಪುಸ್ತಕ. ಓಣಿಯ ಹಿರಿಯ ಹೆಂಗಸರು ಹಳೆ ಇಳಕಲ್ ಸೀರೆಗಳಿಂದ ಕೌದಿ ಹೊಲಿದು ಕೊಟ್ಟಿದ್ದರು, ಏಳು ಕೌದಿ. ಒಂದೊಂದಕ್ಕೂ ವಾರಗಟ್ಟಲೆ ಕೆಲಸ ಇರುತ್ತದೆ, ಹಗಲು ರಾತ್ರಿ ಕುಳಿತು ಹಂಚಿಕೊಂಡು ಹೊಲಿದಿದ್ದರು. ಅವೇ ಮೊದಲು ಖಾಲಿಯಾದವು. ಪಕ್ಕದ ವೈನಿ ಬಿಸಿ ಬಿಸಿ ಮಿರ್ಚಿ ಭಜಿ ಕರಿದರು, ಎಣ್ಣೆಯ ದುಡ್ಡೂ ತೆಗೆದುಕೊಳ್ಳಲಿಲ್ಲ.

ದೊಡ್ಡಾಕಿ ತನ್ನ ಸೈಕಲ್ ತಂದು ಸಾಲಿನಲ್ಲಿ ನಿಲ್ಲಿಸಿದಳು. ಯಾರೂ ಹೇಳಿರಲಿಲ್ಲ. ಹಿಂದಿನ ಓಣಿಯ ಒಂದು ಹುಡುಗಿಗೆ ಅದು ಹೋಯಿತು. ಈಗ ಸಂಜೆ ಆ ಹುಡುಗಿಗೆ ಹೊಡೆಯಲು ಕಲಿಸುತ್ತಾಳೆ, ಹಿಂದೆ ಸೀಟು ಹಿಡಿದು ಓಡುತ್ತಾಳೆ. ಅವತ್ತಿನ ಲೆಕ್ಕವನ್ನೂ ಅವಳೇ ಬರೆದಳು. ಒಬ್ಬರು 20 ರೂಪಾಯಿಯ ಲೋಟಕ್ಕೆ 500ರ ನೋಟು ಇಟ್ಟು ಹೋದರು. ಮರೆತಿರಬೇಕು ಅಂತ ಇವಳು ಓಣಿಯ ಕೊನೆಯವರೆಗೂ ಓಡಿದಳು. ಅವರು ಮರೆತಿರಲಿಲ್ಲ. ಸಂಜೆಗೆ 46,370 ರೂಪಾಯಿ ಆಯಿತು. ಉಳಿದದ್ದಕ್ಕೆ ಯಜಮಾನರ ಭಿಶಿ (ತಿಂಗಳ ಚೀಟಿ) ಗೆಳೆಯರು ಆ ತಿಂಗಳ ಪಾಳಿಯನ್ನು ನಮಗೆ ಬಿಟ್ಟುಕೊಟ್ಟರು. ಆ ತಿಂಗಳು ದುಡ್ಡು ಎತ್ತಬೇಕಾದವರ ಮನೆಯಲ್ಲಿ ಮದುವೆ ಇತ್ತು ಅಂತ ನಮಗೆ ಆಮೇಲೆ ತಿಳಿಯಿತು.

ಗೋಲಗುಂಬಜಕ್ಕೆ ಕರೆದುಕೊಂಡು ಹೋದಿರಾ ಅಂತ ಬಹಳ ಜನ ಕೇಳುತ್ತಾರೆ. ಹೋಗಿದ್ದೆವು. ಮೇಲೆ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು, ಕೂಗು ಕೂಗಿನ ಮೇಲೆ ಬೀಳುತ್ತಿತ್ತು. ಇಂಥ ಮಷೀನಿನವರಿಗೆ ಅದರಲ್ಲಿ ಮಾತು ಬಿಡಿಸಿ ತಿಳಿಯುವುದು ಕಷ್ಟ. ಅವನು ಕಾಯಿಲ್ ತೆಗೆದು ಜೇಬಿಗೆ ಹಾಕಿಕೊಂಡ. ಇನ್ನೊಂದು ದಿನ ಜನ ಇಲ್ಲದ ಹೊತ್ತಿಗೆ ಹೋದೆವು. ದೊಡ್ಡಾಕಿ ಆಚೆ ಬದಿಯಿಂದ ಗೋಡೆಗೆ ಬಾಯಿ ಹಚ್ಚಿ ಅವನ ಹೆಸರು ಪಿಸುಗುಟ್ಟಿದಳು. ಅವನು ಗೋಡೆಯೊಳಗೆ ಅಕ್ಕ ಇದ್ದಾಳೆ ಅಂತ ಗೋಡೆ ತಟ್ಟಿದ.

ಮುಂದಿನ ವಾರ ಮತ್ತೆ ಮೈಸೂರಿಗೆ ಹೊರಟಿದ್ದೇವೆ. ಮಷೀನಿನ ಮ್ಯಾಪಿಂಗ್ ಮಾಡಿಸಬೇಕು, ಅಂದರೆ ಸಪ್ಪಳ ಅವನಿಗೆ ಸರಿಯಾಗಿ ಕೇಳಿಸುವಂತೆ ಹೊಂದಿಸಬೇಕು. ಈಗ ಅವನಿಗೆ ಐದು ದಾಟಿದೆ, ಸೀಟು ಬೇಕೆಂದರೆ ಪೂರ್ತಿ ಟಿಕೆಟ್. ತನ್ನ ಹೆಸರಿನ ಟಿಕೆಟ್ ಅಂತ ಅವನು ಈಗಲೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ. ದಾವಣಗೆರೆಯ ಅಜ್ಜಾರ, ಆ ರಾತ್ರಿ ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳುವುದು ಉಳಿದುಹೋಯಿತು. ರೈಲು ದಾವಣಗೆರೆಯಲ್ಲಿ ನಿಂತಾಗ ನಾನು ಎಚ್ಚರ ಇರುತ್ತೇನೆ. ಇವನು ನಿದ್ದೆಯಲ್ಲಿರುತ್ತಾನೆ, ಮಷೀನು ಡಬ್ಬಿಯಲ್ಲಿ. ಆ ಡಬ್ಬಿಯನ್ನು ಈಗ ನನ್ನ ಸೆರಗಿಗೆ ಗಂಟು ಹಾಕಿಕೊಂಡೇ ಮಲಗುತ್ತೇನೆ.